ಬಿಳಿ ಟೇಪಿನ ಏಳು ಸುತ್ತು

ಆ ಮನೆಯ ಮಾತು ಬಂದರೆ ಅಕ್ಕಪಕ್ಕದವರೆಲ್ಲ ನಗುತ್ತಾ ಒಂದೇ ಹೇಳುತ್ತಿದ್ದರು: "ಅಲ್ಲಿರೋದು ಮೂರು ಜನ, ನಾಲ್ಕು ನಲ್ಲಿ. ನಲ್ಲೀಲಿ ನೀರು ಸೋರಲ್ಲ, ಜನರ ಬಾಯಲ್ಲಿ ಮಾತು ಸೋರಲ್ಲ." ಎದುರು ಮನೆಯ ದರ್ಜಿಯಂತೂ ಹೊಲಿಗೆ ಯಂತ್ರ ನಿಲ್ಲಿಸಿ, ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದು, ತನ್ನದೂ ಒಂದು ಸೇರಿಸುತ್ತಿದ್ದ: "ಹೇಗೆ ಸೋರುತ್ತೆ ಹೇಳಿ? ಆ ಪುಣ್ಯಾತ್ಮ ನಲ್ಲಿಗೆ ಟೇಪು ಸುತ್ತೋದು ನೋಡಿದೀರಾ? ಬೇರೆಯವರು ಮೂರು ಸುತ್ತು ಸುತ್ತಿದ್ರೆ ಇವನು ಏಳು. ಕೋಟೆ ಕಟ್ತಾನೆ, ಕೋಟೆ!"

ಹಾಗಾಗಿ ಅವನಿಗೆ ಏಳುಸುತ್ತು ಅಂತಲೇ ಹೆಸರಾಯಿತು. ಮೊದಮೊದಲು ಹುಸಿಮುನಿಸು ತೋರಿಸುತ್ತಿದ್ದ. ಆಮೇಲೆ ಬೀದಿಯಲ್ಲಿ ಯಾರಾದರೂ ಹಾಗೆ ಕೂಗಿದರೆ ಎದೆ ಸ್ವಲ್ಪ ಮುಂದೆ ಮಾಡಿಕೊಂಡೇ ತಿರುಗುತ್ತಿದ್ದ. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪೈಪು ಜೋಡಿಸುವ ಕೆಲಸ ಅವನದು. ಮಣ್ಣಿನ ಮೇಲೆ ಕಿವಿಯಿಟ್ಟು ಕೆಳಗೆ ನೀರು ಎಲ್ಲಿ ಕಳೆದುಹೋಗುತ್ತಿದೆ ಅಂತ ಹೇಳಬಲ್ಲವನು. ಪೈಪಿನ ತುದಿಯ ತಿರುಪಿಗೆ ಬಿಳಿ ಟೇಪನ್ನು ಬಿಗಿಯಾಗಿ ಎಳೆದೆಳೆದು ಸುತ್ತುವಾಗ ಅವನ ತುಟಿ ಅಲ್ಲಾಡುತ್ತಿತ್ತು. ಏಳು ಎಣಿಸಿದ ಮೇಲೇ ಉಸಿರು ಬಿಡುತ್ತಿದ್ದ.

ಮನೆಯಲ್ಲಿದ್ದವರು ಅವನು, ಅವನ ಹೆಂಡತಿ, ಅವನ ತಂಗಿ. ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವವಳು. ತಂಗಿ ಅವನಿಗಿಂತ ಹದಿಮೂರು ವರ್ಷಕ್ಕೆ ಚಿಕ್ಕವಳು, ಶಾಲೆಯ ವ್ಯಾನು ಓಡಿಸುತ್ತಿದ್ದಳು. ಮನೆಯನ್ನು ಅಮ್ಮ ತಂಗಿಯ ಹೆಸರಿಗೇ ಮಾಡಿಟ್ಟು ಹೋಗಿದ್ದಳು. ಅದರ ಬಗ್ಗೆ ಅಣ್ಣನಿಗೆ ಒಂದು ದಿನವೂ ಕೊರಗಿರಲಿಲ್ಲ. ಅವಳನ್ನು ಎತ್ತಿ ಆಡಿಸಿದವನು ಅವನು. ಆರು ವರ್ಷದವಳಿದ್ದಾಗ ಕಚೇರಿಯ ಜೀಪಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಸ್ಟಿಯರಿಂಗ್ ಹಿಡಿಸಿದವನೂ ಅವನೇ. ಕಾರಿನ ಹುಚ್ಚು ಹತ್ತಿದ್ದು ಅಲ್ಲಿಂದ.

ಆ ಹುಚ್ಚು ಬೆಳೆದು ಒಂದು ಕೆಂಪು ಕಾರಾಯಿತು. ಎರಡೇ ಸೀಟು, ಹಳೆಯ ಮಾಡಲು, ಬಾಗಿಲು ತೆಗೆದು ಕೂರುವುದೆಂದರೆ ಬಾವಿಗಿಳಿದ ಹಾಗೆ. "ಇದರಲ್ಲಿ ಕೂತರೆ ಎದುರು ಬರೋ ನಾಯಿ ಮುಖಕ್ಕೆ ಮುಖ ಕೊಡುತ್ತೆ" ಅಂತ ಅತ್ತಿಗೆ ನಗುತ್ತಿದ್ದಳು. ಊರಾಚೆ ಗುಡ್ಡದ ರಸ್ತೆಯೊಂದಿತ್ತು, ಹನ್ನೊಂದು ತಿರುವು. ವರ್ಷಕ್ಕೊಂದು ದಿನ ಕಾರಿನವರ ಸಂಘ ಆ ರಸ್ತೆಯನ್ನು ಕೇಳಿ ಪಡೆದು ಓಟ ಇಡುತ್ತಿತ್ತು. ಒಬ್ಬೊಬ್ಬರೇ ಹತ್ತಬೇಕು, ಕೆಳಗೊಬ್ಬ ಮೇಲೊಬ್ಬ ಗಡಿಯಾರ ಹಿಡಿದು ನಿಂತಿರುತ್ತಾರೆ. ತಂಗಿ ಮೂರು ವರ್ಷವೂ ನಾಲ್ಕನೆಯವಳಾಗಿಯೇ ಬಂದಳು.

"ನಿನ್ನ ಕೈ ಚೆನ್ನಾಗಿದೆ, ಕಾರಿನ ಎದೆಯಲ್ಲಿ ಗಾಳಿ ಸಾಲದು" ಅಂದ ಸಂಘದ ಮೆಕ್ಯಾನಿಕ್.

ಗಾಳಿಗೆ ಮದ್ದು ಸೂಪರ್‌ಚಾರ್ಜರು. ಎಂಜಿನ್ನಿನ ಪಕ್ಕದಲ್ಲಿ ಕೂತು, ಬೆಲ್ಟಿನಿಂದ ತಿರುಗಿ, ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ಉಣಿಸುವ ಯಂತ್ರ, ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿಯಾಗಿರುತ್ತದೆ. ಅದು ಪೆಟ್ಟಿಗೆಯಲ್ಲಿ ಮನೆಗೆ ಬಂದ ದಿನ ಮೆಕ್ಯಾನಿಕ್ಕು, "ನನ್ನ ಗ್ಯಾರೇಜಿಗೆ ತನ್ನಿ" ಅಂದ. ಅಣ್ಣನಿಗೆ ಚುರ್ರೆಂದಿತು.

"ಯಾಕೆ, ನಮ್ಮನೇಲಿ ಶೆಡ್ಡಿಲ್ವಾ? ನನಗೆ ಕೈಯಿಲ್ವಾ?"

ಹೀಗೆ ಮೂರು ವಾರ ಶೆಡ್ಡಿನಲ್ಲಿ ಕೆಲಸ ನಡೆಯಿತು. ಅಣ್ಣ ಬಾನೆಟ್ಟಿನೊಳಗೆ ತಲೆ ತೂರಿಸಿದರೆ ತಂಗಿ ಸ್ಟೂಲಿನ ಮೇಲೆ ಕೂತು, ಜೊತೆಗೆ ಬಂದಿದ್ದ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅವಳು ಒಂದು ಸಾಲು ಓದಬೇಕು, ಅವನು ಅಷ್ಟು ಮಾಡಬೇಕು. ಹಳೆಯ ಬೆಲ್ಟು ಬಿಚ್ಚಿದರು, ಹೊಸ ಚಕ್ರ ಕೂರಿಸಿದರು, ಗಾಳಿಯ ಕೊಳವೆ ಬಗ್ಗಿಸಿದರು. ಸ್ಟಿಯರಿಂಗಿನ ಪಕ್ಕ ಮರದ ಹಲಗೆ ಕೊರೆದು ಮೂರು ಗೇಜು ಸಾಲಾಗಿ ಜೋಡಿಸಿದ: ಒಂದು ಎಂಜಿನ್ ಎಣ್ಣೆಯ ಒತ್ತಡಕ್ಕೆ, ಒಂದು ಎಣ್ಣೆಯ ಬಿಸಿಗೆ, ಒಂದು ಒತ್ತಿದ ಗಾಳಿಗೆ. ಎಲ್ಲ ಸರಿಯಿದ್ದರೆ ಮೂರು ಮುಳ್ಳೂ ನೆಟ್ಟಗೆ ನಿಲ್ಲುವಂತೆ ಗೇಜುಗಳನ್ನೇ ತಿರುಗಿಸಿ ಕೂರಿಸಿದ.

"ನೋಡು ಕೂಸೇ, ಅಂಕಿ ಓದೋಕೆ ಹೋಗ್ಬೇಡ. ಮೂರೂ ನಿಂತಿದ್ರೆ ಒತ್ತು, ಯಾವುದಾದ್ರೂ ಒರಗಿದ್ರೆ ಕಾಲು ತೆಗಿ."

"ಅಣ್ಣಾ, ನೀನು ಪೈಪು ಬಿಟ್ಟು ವಿಮಾನಕ್ಕೆ ಹೋಗ್ಬೇಕಿತ್ತು ಕಣೋ!"

ಕೊನೆಗೆ ಉಳಿದದ್ದು ಎಣ್ಣೆಯ ಪೈಪು. ಎಂಜಿನ್ನಿಗೆ ಮೂರು ಬಾಯಿಯ ಜಾಯಿಂಟು ಕೂರಿಸಿ, ಒಂದು ಕವಲು ಗೇಜಿಗೆ, ಇನ್ನೊಂದು ಸೂಪರ್‌ಚಾರ್ಜರಿನ ಬೇರಿಂಗಿಗೆ ಕೊಡಬೇಕು. ತಂಗಿ ಆ ಪುಟ ತೆರೆದು ಗಂಟಲು ಸರಿಮಾಡಿಕೊಂಡಳು.

"ಅದನ್ನ ಬಿಡು, ಮುಂದಿಂದು ಓದು" ಅಂದ ಅಣ್ಣ.

"ಒಂದೇ ಪುಟ ಕಣೋ."

"ಪೈಪು ಜೋಡಿಸೋದನ್ನ ನನಗೆ ಪುಸ್ತಕ ಹೇಳ್ಕೊಡ್ಬೇಕಾ?"

ಅವಳು ನಕ್ಕು ಪುಟ ಮಗುಚಿದಳು. ಅವನು ಚೀಲದಿಂದ ಬಿಳಿ ಟೇಪು ತೆಗೆದು ಏಳು ಸುತ್ತಿದ.

ಓಟದ ದಿನ ಎಂಟನೆಯ ತಿರುವಿನವರೆಗೆ ಕಾರು ಹೋದ ಪರಿಯನ್ನು ಕಂಡವರು ಇವತ್ತಿಗೂ ಹೇಳುತ್ತಾರೆ. ಆಮೇಲೆ ಕಬ್ಬಿಣ ಕಿರುಚಿದ ಹಾಗೆ ಒಂದು ಸದ್ದು, ಬೆಲ್ಟು ಹರಿದ ಏಟು, ಹೊಗೆ. ಸೂಪರ್‌ಚಾರ್ಜರಿನ ಬೇರಿಂಗು ತಿರುಗದೆ ಸಿಕ್ಕಿಕೊಂಡು, ಒಳಗಿನ ರೆಕ್ಕೆ ಚೂರಾಗಿ, ಚೂರು ಎಂಜಿನ್ನಿಗೇ ನುಗ್ಗಿತ್ತು. ತಂಗಿಗೆ ಒಂದು ಗೀರೂ ಆಗಲಿಲ್ಲ. ರಸ್ತೆ ಪಕ್ಕದ ಕಲ್ಲಿನ ಮೇಲೆ ಹೆಲ್ಮೆಟ್ಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಮಾರನೆಯ ದಿನ ಅವಳು ವ್ಯಾನು ತೆಗೆದುಕೊಂಡು ಹೋದ ಮೇಲೆ ಅಣ್ಣ ಶೆಡ್ಡಿಗೆ ಹೋಗಿ ಬಿಚ್ಚಿದ. ಬೇರಿಂಗಿಗೆ ಎಣ್ಣೆ ಹೋಗುವ ರಂಧ್ರ ಸೂಜಿಯ ಕಣ್ಣಿನಷ್ಟು. ಅದರ ಬಾಯಲ್ಲಿ ಬಿಳಿಯದೊಂದು ಎಳೆ ಮುದುರಿ ಕೂತಿತ್ತು. ಚಿಮಟದಿಂದ ಎಳೆದ. ಟೇಪು. ತಿರುಪು ಬಿಗಿಯುವಾಗ ಹೆಚ್ಚಿನ ಸುತ್ತು ಹರಿದು ಎಣ್ಣೆಯೊಳಗೆ ಜಾರಿ, ಆ ಸಣ್ಣ ಗಂಟಲನ್ನು ಕಟ್ಟಿತ್ತು. ನೀರಿನ ಪೈಪಿನಲ್ಲಾದರೆ ಒಂದು ಎಳೆ ಹೋಯಿತು, ಬಂತು, ಯಾರಿಗೂ ಗೊತ್ತಾಗುವುದಿಲ್ಲ. ಗೇಜು ಕೂಡ ಏನೂ ಹೇಳಿರಲಾರದು. ಅದಕ್ಕೆ ಗೊತ್ತಿದ್ದದ್ದು ಎಂಜಿನ್ನಿನ ಎಣ್ಣೆಯ ಸುದ್ದಿ ಮಾತ್ರ. ಪಕ್ಕದ ಕವಲು ಕಟ್ಟಿದ್ದು ಅದಕ್ಕೆ ಕಾಣುವುದಿಲ್ಲ. ಅವನು ಪುಸ್ತಕ ತೆಗೆದು, ಅವತ್ತು ಓದದೆ ಬಿಟ್ಟ ಪುಟವನ್ನು ಓದಿದ. ಮೂರನೆಯ ಸಾಲಿನಲ್ಲೇ ಇತ್ತು: ಎಣ್ಣೆಯ ಜೋಡಣೆಗೆ ಟೇಪು ಸುತ್ತಬಾರದು.

ಅವನ ಕಿವಿಯ ತುದಿಗಳು ಸುಡತೊಡಗಿದವು. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ಬಾಗಿಲ ಕಡೆ ನೋಡಿದ. ಆ ಎಳೆಯನ್ನು ಮೋರಿಗೆ ಹಾಕಿ, ಒಂದು ಚೊಂಬು ನೀರು ಸುರಿದ.

ಸಂಜೆ ತಂಗಿ ಬಂದಳು. ಚಪ್ಪಲಿ ಕೂಡ ಬಿಡಲಿಲ್ಲ.

"ಏನಾಗಿತ್ತಣ್ಣ?"

"ಬೇರಿಂಗು ಸುಟ್ಟಿದೆ."

"ಯಾಕೆ?"

ಹೇಳಬೇಕೆಂದೇ ಬಾಯಿ ತೆರೆದ. ಬಂದದ್ದು ಬೇರೆ. "ಗೇಜು ನೋಡ್ತಿದ್ಯಾ? ಮುಳ್ಳೇನಾದ್ರೂ ಒರಗಿತ್ತಾ?"

ಅವಳು ಯೋಚಿಸಿದಳು. "ಆರನೇ ತಿರುವಲ್ಲಿ ನೋಡ್ದೆ, ಮೂರೂ ನೆಟ್ಟಗಿತ್ತು. ಏಳರಲ್ಲಿ..." ಕಣ್ಣು ಮುಚ್ಚಿ ಮತ್ತೊಮ್ಮೆ ಆ ರಸ್ತೆ ಹತ್ತಿದಳು. "ಏಳರಲ್ಲಿ ನೋಡಿದ್ನಾ? ನೋಡ್ಲಿಲ್ವೇನೋ ಅಣ್ಣ."

"ಅದೇ" ಅಂದ ಅವನು.

ಎರಡಕ್ಷರ. ಅಷ್ಟೇ ಅವನು ಆಡಿದ್ದು. ಉಳಿದದ್ದನ್ನೆಲ್ಲ ಅವಳೇ ಆಡಿದಳು, ಎರಡು ವರ್ಷ.

ಸಂಘದವರು ಕೇಳಿದರೆ, "ನಂದೇ ತಪ್ಪು, ಮೀಟರ್ ನೋಡ್ಲಿಲ್ಲ" ಅಂದಳು. ಓಟಕ್ಕೆ ಹೋಗುವುದು ಬಿಟ್ಟಳು. ವ್ಯಾನಿನಲ್ಲಿ ನಿಮಿಷಕ್ಕೊಮ್ಮೆ ಮೀಟರು ನೋಡುವ ಚಾಳಿ ಹತ್ತಿ, ಮಕ್ಕಳು ತಡವಾಗಿ ತಲುಪುತ್ತಾರೆಂದು ಶಾಲೆಯಿಂದ ದೂರು ಬಂತು. ದರ್ಜಿ ಕಿಟಕಿಯಿಂದಲೇ, "ಏನಮ್ಮಾ, ಮುಳ್ಳು ನೋಡ್ಕೊಂಡು ಹೋಗು!" ಅಂತ ಕೂಗುತ್ತಿದ್ದ. ಅವಳು ನಗುತ್ತಿದ್ದಳು. ಬಂದವರಿಗೆಲ್ಲ ತಾನೇ ಆ ಕಥೆಯನ್ನು ತಮಾಷೆಯಾಗಿ ಹೇಳುತ್ತಿದ್ದಳು. ಅವಳು ಶುರು ಮಾಡಿದಾಗಲೆಲ್ಲ ಅಣ್ಣನಿಗೆ ಬಾಯಾರಿಕೆಯಾಗುತ್ತಿತ್ತು, ಎದ್ದು ಅಡುಗೆಮನೆಗೆ ಹೋಗುತ್ತಿದ್ದ. ಬೀದಿಯಲ್ಲಿ ಯಾರಾದರೂ "ಏಳುಸುತ್ತು" ಅಂತ ಕರೆದರೆ ಕೇಳಿಸದವನಂತೆ ಸರಸರನೆ ನಡೆದುಬಿಡುತ್ತಿದ್ದ. ಇವತ್ತು ಹೇಳುತ್ತೇನೆ ಅಂತ ಬೆಳಿಗ್ಗೆ ಹಲ್ಲುಜ್ಜುವಾಗ ಅಂದುಕೊಳ್ಳುವುದು, ಊಟದ ಹೊತ್ತಿಗೆ ನಾಳೆಗೆ ತಳ್ಳುವುದು. ದಿನ ಕಳೆದಷ್ಟೂ ತಪ್ಪು ದೊಡ್ಡದಾಯಿತು, ಬಾಯಿ ಸಣ್ಣದಾಯಿತು.

ಒಂದು ದಿನ ತಂಗಿ ಕಾರನ್ನು ಕೊಟ್ಟುಬಿಡುತ್ತೇನೆ ಅಂದಳು. ಕೊಳ್ಳಲು ಬಂದವನು ಸಂಘದ ಹೊಸ ಸದಸ್ಯ, ಹಲ್ಲಿನ ಡಾಕ್ಟರು. ಶೆಡ್ಡಿನಲ್ಲಿ ಕಾರಿನ ಸುತ್ತ ಓಡಾಡಿ, ಬಾನೆಟ್ಟೆತ್ತಿ ಕೇಳಿದ:

"ಎಂಜಿನ್ನು ಹೇಗೆ ಹೋಯ್ತು?"

"ಗೇಜು ನೋಡದೆ ಒತ್ತಿದೆ ಡಾಕ್ಟ್ರೇ. ಮೂರು ಮುಳ್ಳು ಎದುರಿಗಿದ್ರೂ ಕುರುಡಿ ಥರ ಓಡಿಸ್ದೆ."

"ಬಿಡಿ, ಹೊಸ ಎಂಜಿನ್ನು, ಹೊಸ ಸೂಪರ್‌ಚಾರ್ಜರು ಹಾಕಿಸ್ಕೋತೀನಿ. ನಮಗೆ ಸಣ್ಣ ತೂತು ನೋಡಿ ಅಭ್ಯಾಸ, ಮುಳ್ಳು ತಪ್ಪಲ್ಲ" ಅಂತ ಡಾಕ್ಟರು ನಕ್ಕ. ಅವಳೂ ನಕ್ಕಳು. ಅವನು ಎಣ್ಣೆಯ ಪೈಪು ಮುಟ್ಟಿ ನೋಡಿದ. "ಇದು ಮಾತ್ರ ಹೀಗೇ ಇರಲಿ. ನಿಮ್ಮಣ್ಣನ ಕೈಕೆಲಸ ಅಲ್ವಾ? ಏಳು ಸುತ್ತು, ಗಟ್ಟಿ."

ಅಣ್ಣ ಬಾಗಿಲಲ್ಲಿ ನಿಂತಿದ್ದ. ಒಳಗೆ ನೀರಿದೆ, ಹೋಗಿ ಕುಡಿಯಬಹುದು. ಹೋಗಲಿಲ್ಲ.

"ಆ ಪೈಪು ಬಿಚ್ಚಿಸಿ ಬಿಸಾಕಿ" ಅಂದ.

"ಯಾಕೆ?"

"ಕಾರು ಕೆಟ್ಟಿದ್ದು ಅದರಿಂದ. ಟೇಪಿನ ಎಳೆ ಒಳಗೆ ಹೋಗಿ ಎಣ್ಣೆ ಕಟ್ಟಿತ್ತು. ಮುಳ್ಳು ಒರಗಿರಲೇ ಇಲ್ಲ. ಅವಳು ನೋಡಿದ್ರೂ ಅಷ್ಟೇ, ನೋಡದಿದ್ರೂ ಅಷ್ಟೇ."

ತಂಗಿ ಬಾನೆಟ್ಟಿನ ಅಂಚು ಹಿಡಿದುಕೊಂಡಳು. "ಈಗ ಗೊತ್ತಾಯ್ತಾ ನಿನಗೆ?"

"ಇಲ್ಲ. ಮಾರನೇ ದಿನಾನೇ."

"ಮಾರನೇ ದಿನ ಯಾವಾಗ? ನಾನು ಬಂದು ಕೇಳೋದಕ್ಕೆ ಮುಂಚೆನಾ?"

"ಮುಂಚೆ."

ಡಾಕ್ಟರಿಗೆ ತನ್ನ ಕೈಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳು ಅವನ ಕಡೆ ತಿರುಗಿ ಮೆಲ್ಲಗೆ, "ಕಾರು ಕೊಡ್ತಿಲ್ಲ ಡಾಕ್ಟ್ರೇ, ತಪ್ಪು ತಿಳೀಬೇಡಿ" ಅಂದಳು. ಅವನು ಹೋದ ಮೇಲೆ ಅಣ್ಣನಿಗೆ ಹೇಳಿದಳು: "ನೀನು ಸುಳ್ಳು ಹೇಳಿದ್ರೆ ತಡ್ಕೋತಿದ್ದೆ ಕಣೋ. ನನ್ನ ಬಾಯಲ್ಲೇ ಹೇಳಿಸಿದ್ಯಲ್ಲ. ಎರಡು ವರ್ಷ ನಾನು ಹೇಳ್ತಿದ್ರೆ ಕೂತು ಕೇಳಿದ್ಯಲ್ಲ."

ಕೂತು ಕೇಳಿರಲಿಲ್ಲ, ಎದ್ದು ಹೋಗುತ್ತಿದ್ದೆ ಅನ್ನುವ ಮಾತು ನಾಲಿಗೆಯ ತನಕ ಬಂತು. ಅದನ್ನಾಡುವಷ್ಟು ಮುಖ ಅವನಿಗಿರಲಿಲ್ಲ.

ಒಳಗೆ ಹೆಂಡತಿ, "ಏನೋ ಇದೆ ಅಂತ ನನಗೆ ಗೊತ್ತಿತ್ತು ರೀ" ಅಂದಳು. "ಕಾರಿನ ಮಾತು ಬಂದಾಗೆಲ್ಲ ಅಷ್ಟೊಂದು ನೀರು ಯಾರು ಕುಡೀತಾರೆ?"

ಆ ಭಾನುವಾರ ಅವನು ಒಬ್ಬನೇ ಗುಡ್ಡದ ಬುಡದ ಟೀ ಅಂಗಡಿಗೆ ಹೋದ. ಸಂಘದವರು ಅಲ್ಲಿ ಸೇರುತ್ತಿದ್ದರು. ಹದಿನೈದು ಜನರ ಎದುರು ನಿಂತು, ತೊದಲುತ್ತಾ, ಮೊದಲಿಂದ ಕೊನೆಯವರೆಗೆ ಹೇಳಿದ. ಆ ಪುಟ ಓದಬೇಡ ಅಂದದ್ದನ್ನು ಹೇಳಿದ. ಮೋರಿಗೆ ನೀರು ಸುರಿದದ್ದನ್ನೂ ಹೇಳಿದ. ಎಲ್ಲರೂ ಬೈಯುತ್ತಾರೆ ಅಂದುಕೊಂಡಿದ್ದ. ಮೆಕ್ಯಾನಿಕ್ಕು ಬೆನ್ನು ತಟ್ಟಿ, "ಅಯ್ಯೋ, ಟೇಪಿನ ತಪ್ಪು ನಾನೂ ಒಂದ್ಸಲ ಮಾಡಿದೀನಿ ಬಿಡಣ್ಣ. ಅವತ್ತೇ ಹೇಳಿದ್ರೆ ನಕ್ಕು ಮುಗೀತಿತ್ತು" ಅಂದ. ಬೈದಿದ್ದರೆ ಚೆನ್ನಾಗಿತ್ತು. ನಕ್ಕು ಮುಗಿಯುತ್ತಿದ್ದ ಒಂದು ಮಾತಿಗೆ ತಂಗಿಯ ಎರಡು ವರ್ಷ ಕೊಟ್ಟಿದ್ದೇನೆ ಅನ್ನುವುದು ಆ ಟೀ ಲೋಟ ಹಿಡಿದಾಗ ಅವನಿಗೆ ಪೂರಾ ತಿಳಿಯಿತು. ಟೀ ಕುಡಿಯಲಾಗಲಿಲ್ಲ.

ಮನೆಗೆ ಬಂದು ದರ್ಜಿಯ ಕಿಟಕಿಯ ಮುಂದೆಯೂ ನಿಂತು ಹೇಳಿದ. ಅವತ್ತಿನಿಂದ ದರ್ಜಿ ತಂಗಿಯನ್ನು ಕಂಡರೆ ತಲೆ ತಗ್ಗಿಸಿ ಹೊಲಿಯುತ್ತಿದ್ದ.

ಮೂರು ವಾರ ಮನೆಯಲ್ಲಿ ತಟ್ಟೆ ಲೋಟದ ಸದ್ದಷ್ಟೇ. ಒಂದು ದಿನ ತಂಗಿ ವ್ಯಾನಿನ ಕೀ ಕೈಯಲ್ಲಿ ಹಿಡಿದು ಅವನೆದುರು ಕೂತಳು.

"ಅಣ್ಣ, ನಿನ್ನ ಮೇಲೆ ಸಿಟ್ಟಿಲ್ಲ. ಅದು ಸುಳ್ಳು, ಇದೆ. ಆದ್ರೆ ಅದಕ್ಕಿಂತ ಹೆಚ್ಚಾಗಿ ನಿನ್ನ ಮುಖ ನೋಡಿದ್ರೆ ನಾನು ನಕ್ಕೊಂಡು ಹೇಳಿದ್ದೆಲ್ಲ ಕಿವಿಗೆ ಬರುತ್ತೆ. ಬೇರೆ ಇರ್ತೀಯಾ?"

"ಹೂಂ" ಅಂದ. ಪಂಪುಮನೆಯ ಹಿಂದೆ ಕಚೇರಿಯ ಎರಡು ಕೋಣೆ ಖಾಲಿಯಿತ್ತು.

ಹೋಗುವ ದಿನ ಹೆಂಡತಿ ಪಾತ್ರೆ ಹಾಸಿಗೆಗಳ ಜೊತೆ ಗಾಡಿಯಲ್ಲಿ ಮುಂದೆ ಹೋದಳು. ಹೊರಡುವ ಮುಂಚೆ ನಾದಿನಿಯನ್ನು ತಬ್ಬಿಕೊಂಡು, "ನಾನಂತೂ ವಾರಕ್ಕೊಮ್ಮೆ ಬರೋಳೇ, ಬಾಗಿಲು ತೆಗೀದಿದ್ರೆ ಕಿಟಕೀಲಿ ಬರ್ತೀನಿ" ಅಂದಳು. ಅವನು ಉಪಕರಣದ ಚೀಲ ತರಲು ಮತ್ತೊಮ್ಮೆ ಒಳಗೆ ಹೋದ. ಶೆಡ್ಡಿನಲ್ಲಿ ಕಾರಿನ ಬಾನೆಟ್ಟು ತೆರೆದಿತ್ತು, ಎಂಜಿನ್ನು ಮೆಕ್ಯಾನಿಕ್ಕಿನ ಗ್ಯಾರೇಜಿಗೆ ಹೋಗಿದ್ದರಿಂದ ಒಳಗೆ ಖಾಲಿ ಗುಳಿ. ಚೀಲ ಹೆಗಲಿಗೇರಿಸಿ ಹೊರಬಂದ. ತಂಗಿ ಗೇಟಿನ ಬಳಿ ವ್ಯಾನಿನ ಗಾಜು ಒರೆಸುತ್ತಿದ್ದಳು. ದಾರಿಗೆ ಅಡ್ಡವಾಗಿದ್ದ ಬಕೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು, ತಲೆ ಎತ್ತಲಿಲ್ಲ.

ಅವನು ಒಂದು ಕ್ಷಣ ನಿಂತ. ಅವಳು ಗಾಜಿನ ಅದೇ ಜಾಗವನ್ನೇ ಒರೆಸುತ್ತಿದ್ದಳು.

"ಗೇಟು ಹಾಕ್ಕೊಂಡು ಹೋಗಣ್ಣ" ಅಂದಳು.

ಅವನು ಹೊರಗೆ ಹೋಗಿ, ಚೀಲ ಕೆಳಗಿಟ್ಟು, ಎರಡೂ ಕೈಯಿಂದ ಗೇಟು ಎಳೆದು ಹಾಕಿದ. ಚೀಲ ಎತ್ತಿಕೊಂಡು ಪಂಪುಮನೆಯ ದಾರಿ ಹಿಡಿದ.