ಭಾವ ಹಾಕಿಸಿದ ಹಿತ್ತಾಳೆ ವಾಲ್ವ್

ಕಳೆದ ವಾರ ನಲ್ಲಿ ರಿಪೇರಿಗೆ ಬಂದವರು ಪೈಪು ಅಂಟಿಸಲು ಹಚ್ಚುವ ಸಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದರು. ಆ ಘಾಟು ಮೂಗಿಗೆ ಅಡರಿದ್ದೇ ತಡ, ತಿಪಟೂರಿನ ನಮ್ಮ ಎದುರುಮನೆ ಭಾವ ಕಣ್ಣಮುಂದೆ ಬಂದರು...

ಅವರು ನನಗೆ ನೆಂಟರೇನಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಹಾಗಾಗಿ ಅವರು ಭಾವ. ಹಾಲ್ಕುರಿಕೆ ಕಡೆ ಅವರ ತೆಂಗಿನ ತೋಟವಿತ್ತು. ಅಕ್ಕ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದರು. ಮಂಗಳೂರಿನಲ್ಲಿ ಓದುವಾಗ ಹತ್ತಿದ ಸಮುದ್ರದ ಹುಚ್ಚು ಅವರನ್ನು ಬಿಟ್ಟಿರಲಿಲ್ಲ. ಹಜಾರದಲ್ಲಿ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿ ಇಡಿಸಿದ್ದರು. ಅದರಲ್ಲಿ ಒಂದು ಜೊತೆ ಕಿತ್ತಳೆ ಬಣ್ಣದ ಮೀನು, ಕೆಂಪು ಪಟ್ಟೆಯ ಸೀಗಡಿಗಳು, ಮತ್ತೆ ಹೂವಿನಂತೆ ಅರಳಿ ಮುದುಡುವ ಒಂದು ಕಡಲ ಜೀವಿ. ನಾವೆಲ್ಲ ಅದನ್ನು ಕಡಲ ಹೂ ಎಂದೇ ಕರೆಯುತ್ತಿದ್ದೆವು.

ತೊಟ್ಟಿಯ ನೀರು ಸೋಸಿ ಮರಳಿ ಬಿಡುವ ಪೈಪು ತರಲು ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ. ಭಾವ ಕಬ್ಬಿಣದ ಪೈಪು ಹಾಕಿಸೋಣವೆಂದರು. ಉಪ್ಪುನೀರಿಗೆ ಅದು ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ಕೇ ಆಗಬೇಕೆಂದು ಅಕ್ಕ ಹೇಳಿ, ಪೈಪಿನಿಂದ ವಾಲ್ವಿನವರೆಗೆ ಎಲ್ಲ ಬಿಳಿ ಪಿವಿಸಿಯದನ್ನೇ ಆರಿಸಿದರು. ಭಾವನ ತಲೆಯಲ್ಲಿ ಉಳಿದದ್ದು ತುಕ್ಕಿನ ಮಾತೊಂದೇ...

ಆ ವರ್ಷ ಅಕ್ಕ ಪರೀಕ್ಷೆಯ ಮೌಲ್ಯಮಾಪನಕ್ಕೆಂದು ಮೈಸೂರಿಗೆ ಹೋಗಿದ್ದರು. ಅವರಿಲ್ಲದಾಗ ಪ್ಲಾಸ್ಟಿಕ್ ವಾಲ್ವ್ ಸೋರತೊಡಗಿತು. ಹಿತ್ತಾಳೆಗೆ ತುಕ್ಕಿಲ್ಲ, ತೋಟದಲ್ಲಿ ವರ್ಷಗಟ್ಟಲೆ ಬಾಳಿದೆ ಎಂದುಕೊಂಡ ಭಾವ ವಾಲ್ವು, ಅದರ ಅಕ್ಕಪಕ್ಕದ ಜೋಡಣೆ ಎಲ್ಲವನ್ನೂ ಹಿತ್ತಾಳೆಯದೇ ಹಾಕಿಸಿದರು. ಅಕ್ಕನಿಗೆ ಹೇಳಬೇಡ, ಬಂದು ನೋಡಿ ಖುಷಿಪಡಲಿ ಎಂದು ನನಗೂ ತಾಕೀತು ಮಾಡಿದ್ದರು.

ಅಕ್ಕ ಬಂದ ದಿನ ನಾನು ಅಲ್ಲೇ ಇದ್ದೆ. ಕಡಲ ಹೂ ಹಿಂಡಿದ ಬಟ್ಟೆಯಂತೆ ತಳದಲ್ಲಿ ಬಿದ್ದಿತ್ತು. ಸೀಗಡಿಗಳು ಅಂಗಾತವಾಗಿದ್ದವು. ಮೀನುಗಳು ಮಾತ್ರ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅಕ್ಕ ಬ್ಯಾಗನ್ನೂ ಇಳಿಸದೆ ಬಗ್ಗಿ ತೊಟ್ಟಿಯ ಕೆಳಗೆ ನೋಡಿದರು.

"ಇದು ಹಿತ್ತಾಳೆ ಅಲ್ವೇನ್ರೀ?"

"ಗಟ್ಟಿ ಇರ್ಲಿ ಅಂತ ಹಾಕಿಸ್ದೆ ಕಣೇ," ಎಂದರು ಭಾವ. "ತುಕ್ಕು ಹಿಡಿಯಲ್ವಲ್ಲ?"

ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ, ಅದು ಉಪ್ಪುನೀರಿಗೆ ಬಿಟ್ಟುಕೊಂಡರೆ ಇಂಥ ಜೀವಿಗಳಿಗೆ ವಿಷ ಎಂದು ಅಕ್ಕ ನನ್ನ ಕಡೆ ತಿರುಗಿ ಹೇಳಿದರು. ಗಂಡನಿಗೆ ಏನೂ ಹೇಳಲಿಲ್ಲ. ಭಾವ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ತೋಟದ ಆಳುಗಳು ಹೆದರುವಂಥ ದನಿಯ ಆ ಮನುಷ್ಯ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಅಕ್ಕ ಬಕೀಟಿನಲ್ಲಿ ಹೊಸ ಉಪ್ಪುನೀರು ಕದಡಿ, ಮೀನುಗಳನ್ನು ಅದಕ್ಕೆ ಬಿಟ್ಟು ಉಳಿಸಿಕೊಂಡರು. ಮರುದಿನ ಭಾವ ಹಿತ್ತಾಳೆಯನ್ನೆಲ್ಲ ಕಿತ್ತು ಮತ್ತೆ ಪ್ಲಾಸ್ಟಿಕ್ಕಿನದನ್ನೇ ತಂದು, ಒಂದೊಂದು ಜೋಡಣೆಗೂ ತಾವೇ ಸಲ್ಯೂಷನ್ ಹಚ್ಚಿ ಕೂಡಿಸಿದರು. ಆಮೇಲೆ ಭಾವ ತೋಟದಿಂದ ಬಂದೊಡನೆ ಕಾಲು ತೊಳೆದು ಮೊದಲು ತೊಟ್ಟಿಯ ಮುಂದೆ ನಿಲ್ಲುತ್ತಿದ್ದರು. ಮಾತು ಕಡಿಮೆಯಾಗಿತ್ತು...

ಅದಾದ ಕೆಲವೇ ತಿಂಗಳಿಗೆ, ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಭಾವ ನಿಂತಲ್ಲೇ ಕುಸಿದರಂತೆ. ಆಸ್ಪತ್ರೆ ತಲುಪುವವರೆಗೂ ಜೀವ ಉಳಿಯಲಿಲ್ಲ. ಬೆಳಿಗ್ಗೆ ಗೇಟಿನ ಬಳಿ ನನ್ನನ್ನು ಮಾತಾಡಿಸಿ ಹೋಗಿದ್ದವರು. ಸುದ್ದಿ ಕೇಳಿದಾಗ ನನಗೆ ಅದು ಯಾರ ವಿಷಯವೆಂದೇ ಬಹಳ ಹೊತ್ತು ಅರ್ಥವಾಗಲಿಲ್ಲ.

ಮೊನ್ನೆ ಅಕ್ಕನಿಗೆ ಫೋನ್ ಮಾಡಿದೆ. ಈಗ ತುರುವೇಕೆರೆಯಲ್ಲಿ ತಂಗಿಯ ಜೊತೆ ಇದ್ದಾರೆ. ಅವರ ಕ್ಷೇಮ ವಿಚಾರಿಸಿ, ಭಾವ ನೆನಪಾದರೆಂದೆ.

"ಅವತ್ತು ನಾನು ಅವ್ರನ್ನ ಬೈಬೇಕಿತ್ತು ಕಣೇ," ಎಂದರು ಅಕ್ಕ. "ಬೈದಿದ್ರೆ ತಿರುಗಿ ಏನೋ ಅಂದು ಹಗುರಾಗ್ತಿದ್ರು. ನಾನು ಸುಮ್ನಿದ್ಬುಟ್ಟೆ. ಅದನ್ನೇ ಮನಸ್ಸಿಗೆ ಹಚ್ಕೊಂಡು ಹೋದ್ರು."

ಅವರು ಅಳುವಷ್ಟು ಹೊತ್ತೂ ಫೋನ್ ಹಿಡಿದುಕೊಂಡೇ ಕೂತಿದ್ದೆ.