ಮಹಡಿ ಮೇಲಿನ ತೇಗು

ಭಾನುವಾರ ಮಧ್ಯಾಹ್ನ ಊಟದ ಹೊತ್ತು ಕಳೆದು, ಬನಶಂಕರಿ ಎರಡನೇ ಹಂತದ ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯವನ ಕೂಗೂ ಅಡಗಿ, ನಾಯಿಗಳು ಕಾರುಗಳ ಅಡಿಯಲ್ಲಿ ನೆರಳು ಹಿಡಿದು ಮಲಗಿದ ಮೇಲೆ, ನಮ್ಮ ಮಹಡಿಯಿಂದ ಒಂದು ತೇಗು ಇಳಿದು ಬರುತ್ತಿತ್ತು. ಇಳಿದು ಬರುತ್ತಿತ್ತು ಎಂದರೆ ಸಾಲದು, ದಯಮಾಡಿಸುತ್ತಿತ್ತು ಎನ್ನಬೇಕು. ನಾಭಿಮೂಲದಿಂದ ಹೊರಟು, ಎದೆಗೂಡಿನಲ್ಲಿ ಗಾತ್ರ ಗಳಿಸಿ, ಗಂಟಲಲ್ಲೊಂದು ಸಣ್ಣ ಗಮಕ ಹಾಕಿಕೊಂಡು, ಮೇಲಿನ ಕಿಟಕಿಯಿಂದ ಹೊರಬಿದ್ದು ನಮ್ಮ ನಡುಮನೆಯ ಕಿಟಕಿಯಿಂದ ಒಳಬರುವ ಆ ಧ್ವನಿಯಲ್ಲಿ ಒಂದು ಇಡೀ ಊಟದ ಸಾರಾಂಶವಿರುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ನಾನು ಕೈಯಲ್ಲಿದ್ದ ಪೇಪರನ್ನು ಬೇಕಿಲ್ಲದಷ್ಟು ಜೋರಾಗಿ ಮಡಿಸುತ್ತಿದ್ದೆ.

ಮಾತು ತೊಂಬತ್ತರ ದಶಕದ ಕೊನೆಯದು. ತೇಗಿನ ಒಡೆಯ ಈರಣ್ಣ ಗದಗದ ಕಡೆಯ ತರುಣ, ಜೆ.ಪಿ. ನಗರದ ಯಾವುದೋ ಆಫೀಸಿನಲ್ಲಿ ಕೆಲಸ, ನಮ್ಮ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗೆ ವಾಸ. ನಾನೋ ಐವತ್ತು ದಾಟಿದ ಬ್ಯಾಂಕ್ ಅಧಿಕಾರಿ, ಮನೆಯ ಮಾಲೀಕ. ನೆಲ, ಗೋಡೆ, ನೀರಿನ ಟ್ಯಾಂಕು ಎಲ್ಲವೂ ನನ್ನವೇ. ಆದರೂ ಆ ಬಾಡಿಗೆದಾರನ ಜಠರ ನನ್ನದಾಗಿರಬಾರದಿತ್ತೇ ಎಂದು ಹಲುಬುತ್ತಿದ್ದೆ. ಕಲ್ಲು ತಿಂದು ಕರಗಿಸುವ ವಯಸ್ಸು ಅವನದು. ಹಸಿ ಈರುಳ್ಳಿಯನ್ನು ಗುದ್ದಿ ಒಡೆದು, ಹಸಿಮೆಣಸಿನಕಾಯಿಯನ್ನು ಸೌತೆಕಾಯಿಯೋ ಎಂಬಂತೆ ಕಚ್ಚಿ, ಮೇಲೊಂದು ತಟ್ಟೆ ಮಿರ್ಚಿ ಭಜಿಯನ್ನೂ ತೀರಿಸಿ, ಚಾಪೆಗೆ ಬೆನ್ನು ತಾಗಿಸಿದ ಕ್ಷಣದಲ್ಲೇ ಗೊರಕೆ ಹೊಡೆಯುವ ಪುಣ್ಯಾತ್ಮ. ಅವನಿಗೆ ಬರುವುದು ತೇಗು. ನನಗೆ ಬರುತ್ತಿದ್ದುದು ಹುಳಿತೇಗು. ಒಂದು ಪದದ ಅಂತರವೆಂದು ನಗಬೇಡಿ, ಅನುಭವಿಸಿದವರಿಗೆ ಅದು ಸ್ವರ್ಗಕ್ಕೂ ನರಕಕ್ಕೂ ಇರುವ ಅಂತರ.

ಜಯನಗರದ ಡಾಕ್ಟರು ಔಷಧದ ಚೀಟಿಯ ಹಿಂಬದಿಯಲ್ಲಿ ಕಮ್ಮಾರನ ತಿದಿಯಂಥದೊಂದು ಚೀಲ ಬರೆದು, ಅದೇ ನನ್ನ ಜಠರವೆಂದು ಪರಿಚಯ ಮಾಡಿಕೊಟ್ಟಿದ್ದರು. ಅನ್ನನಾಳ ಬಂದು ಜಠರಕ್ಕೆ ಸೇರುವಲ್ಲಿ ಒಂದು ಬಿಗಿಯಾದ ಬಾಗಿಲಿರುತ್ತದಂತೆ. ನನ್ನ ಬಾಗಿಲು ಸರ್ಕಾರಿ ಕಚೇರಿಯದರಂತೆ ಅರ್ಧ ತೆರೆದೇ ಇರುವುದರಿಂದ ಒಳಗಿನ ಆಮ್ಲ ಮೇಲಕ್ಕೆ ಅಡ್ಡಾಡಲು ಬರುತ್ತಿತ್ತಂತೆ. "ಮೂಗಿಗೆ ವಾಸನೆ ಬಡಿದ್ರೆ ಸಾಕು ಸಾರ್, ಮೆದುಳು ಹೊಟ್ಟೆಗೆ ಆರ್ಡರ್ ಕೊಟ್ಟುಬಿಡುತ್ತೆ. ಊಟ ಬರಲಿ ಬಿಡಲಿ, ಆಸಿಡ್ ಅಂತೂ ರೆಡಿ," ಎಂದಿದ್ದರು. ಹುಳಿ, ಖಾರ, ಕಾಫಿ, ಕರಿದದ್ದು ಎಲ್ಲಕ್ಕೂ ಅಂದೇ ಎಳ್ಳುನೀರು ಬಿಡಲಾಯಿತು.

ಇಲ್ಲಿ ನನ್ನ ಹೆಂಡತಿ ಸರೋಜಳ ಕೈಯ ಬಗ್ಗೆ ಹೇಳದಿದ್ದರೆ ಕಥೆ ಮುಂದೆ ಹೋಗದು. ಅವಳ ಹುಳಿಗೆ ನಮ್ಮ ನೆಂಟರಿಷ್ಟರಲ್ಲಿ ಒಂದು ಕೀರ್ತಿಯಿತ್ತು. ಧನಿಯ, ಮೆಂತ್ಯ, ಒಣಮೆಣಸಿನಕಾಯಿಗಳನ್ನು ಅವಳು ಕಣ್ಣಳತೆಯಲ್ಲೇ ಹುರಿದು, ಕೊಬ್ಬರಿಯೊಡನೆ ರುಬ್ಬಿ, ಕೊನೆಗೆ ಇಂಗಿನ ಒಗ್ಗರಣೆ ಕೊಟ್ಟರೆ ಬೀದಿಯಲ್ಲಿ ಹೋಗುವವರು ನಡಿಗೆ ನಿಧಾನ ಮಾಡುತ್ತಿದ್ದರು. ನನ್ನ ಪಥ್ಯ ಆರಂಭವಾದ ಮೇಲೆ ಆ ಅಡುಗೆಮನೆ ಮಂಕಾಯಿತು. ಸೋರೆಕಾಯಿ, ಗಂಜಿ, ಮೊಸರನ್ನ. ಮತ್ತೆ ಮೊಸರನ್ನ, ಗಂಜಿ, ಸೋರೆಕಾಯಿ. ಆಗಲೇ ಈರಣ್ಣ ಮಹಡಿಗೆ ಬಂದದ್ದು. ಪಾಪ, ಒಂಟಿ ಹುಡುಗ ಎಂದು ಇವಳು ಮೊದಲ ಭಾನುವಾರವೇ ಒಂದು ಡಬರಿ ಹುಳಿ ಕಳಿಸಿದಳು. ಅವನು ಡಬರಿಯನ್ನು ತೊಳೆದು, ಬರಿದಾಗಿ ಕೊಡಬಾರದೆಂದು ಶೇಂಗಾ ಚಟ್ನಿಪುಡಿ ತುಂಬಿಕೊಂಡು ಬಂದು ಬಾಗಿಲಲ್ಲೇ ನಿಂತು, "ಏನ್ ಕೈರೀ ಅಕ್ಕಾರ ನಿಮ್ದು! ನಮ್ಮವ್ವನ ಕೈಯಾಗಿನ ಊಟ ಉಂಡಂಗಾತು ನೋಡ್ರಿ," ಎಂದ. ಅಂದು ಸಂಜೆಯೆಲ್ಲ ಸರೋಜ ಏನೋ ಗುನುಗುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷ ನಾನು ಅದೇ ಹುಳಿಯನ್ನು ಸುರಿದುಕೊಂಡು ಉಂಡೆನಲ್ಲ, 'ಹೂಂ, ಪರವಾಗಿಲ್ಲ' ಎಂಬುದಕ್ಕಿಂತ ಉದ್ದದ ವಾಕ್ಯ ನನ್ನ ಬಾಯಿಂದ ಹೊರಟಿರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಎರಡು ಅರ್ಧಗಳನ್ನೂ ಈ ಮಹಾಶಯನೇ ಹೊಡೆದುಕೊಂಡಿದ್ದ.

ನಮ್ಮ ಹಿರಿಯರು ಮನಸ್ಸಿನ ಗುಣಗಳಿಗೆ ದೇಹದಲ್ಲಿ ಬಹಳ ಯೋಚಿಸಿಯೇ ಮನೆ ಮಾಡಿಕೊಟ್ಟಿದ್ದಾರೆ. ಧೈರ್ಯ ಎದೆಗಾರಿಕೆಯಾಯಿತು, ಮಮತೆ ಕರುಳಿಗೆ ಹೋಯಿತು, ಸಿಟ್ಟು ಬಂದರೆ ಪಿತ್ತ ನೆತ್ತಿಗೇರಿತು. ಮತ್ಸರವನ್ನು ಮಾತ್ರ ಅತ್ತಿತ್ತ ಅಲೆಯಬಿಡದೆ ನೇರವಾಗಿ ಜಠರಕ್ಕೇ ತಂದು ಹಾಕಿ ಹೊಟ್ಟೆಕಿಚ್ಚು ಎಂದರು. ಇದು ಬರೀ ಮಾತಿನ ಚಮತ್ಕಾರವೆಂದು ನಾನೂ ನಂಬಿದ್ದೆ. ಆದರೆ ನೀವೇ ನೋಡಿ: ಅಡುಗೆಮನೆಯಲ್ಲಿ ಇಂಗು ಸಿಡಿಯುತ್ತದೆ; ಮೂಗು ಸುದ್ದಿ ಮುಟ್ಟಿಸುತ್ತದೆ; ಮೆದುಳು ಅಪ್ಪಣೆ ಹೊರಡಿಸುತ್ತದೆ; ಬಾಯಲ್ಲಿ ನೀರು, ಜಠರದಲ್ಲಿ ಆಮ್ಲ ಸಿದ್ಧವಾಗುತ್ತವೆ; ಹುಳಿ ಮಾತ್ರ ಮೆಟ್ಟಿಲು ಹತ್ತಿ ಮೇಲಕ್ಕೆ ಹೋಗುತ್ತದೆ. ಹಾರತುರಾಯಿ ಹಿಡಿದು ನಿಂತ ಆ ಆಮ್ಲ ಬಡಪಾಯಿ ಏನು ಮಾಡಬೇಕು? ನನ್ನನ್ನೇ ತಿನ್ನುತ್ತಿತ್ತು. ವೈದ್ಯಶಾಸ್ತ್ರದ ಹೊಟ್ಟೆಯುರಿ ಯಾವುದು, ಸ್ವಭಾವದ ಹೊಟ್ಟೆಯುರಿ ಯಾವುದು ಎಂದು ನನಗೇ ತಿಳಿಯದಾಯಿತು.

ಕೊನೆಗೊಂದು ಭಾನುವಾರ ಸರೋಜ ಅವನನ್ನು ಕೆಳಗೇ ಊಟಕ್ಕೆ ಕರೆದಳು. ಅವನೆದುರು ಗುಳ್ಳ ಬದನೆಕಾಯಿಯ ಹುಳಿ, ನನ್ನೆದುರು ಸೋರೆಕಾಯಿ. ಅವನು ಅನ್ನದ ನಡುವೆ ಕೆರೆ ಕಟ್ಟಿ ಹುಳಿ ತುಂಬಿಸಿಕೊಂಡು ಕಣ್ಣು ಮುಚ್ಚಿ ಉಣ್ಣುತ್ತಿದ್ದರೆ, ಬಡಿಸುವವಳ ಮುಖದಲ್ಲಿ ನಾನು ಎಷ್ಟೋ ಕಾಲದಿಂದ ಕಾಣದಿದ್ದ ಒಂದು ಕಳೆ. ನನ್ನ ಮನೆಯಲ್ಲಿ, ನನ್ನ ಮಣೆಯ ಪಕ್ಕದಲ್ಲಿ, ನನ್ನ ಹೆಂಡತಿಯ ಆ ಮುಖ ಇನ್ನೊಬ್ಬನ ಜೀರ್ಣಶಕ್ತಿಗೆ ಸಂದ ಬಹುಮಾನ! ತಡೆಯಲಾಗಲಿಲ್ಲ. "ನನಗೂ ಬಡಿಸು," ಎಂದೆ. "ಬೇಡಾರೀ, ಆಮೇಲೆ ಒದ್ದಾಡ್ತೀರ," ಎಂದಳು. "ಬಡಿಸೇ ಅಂದ್ರೆ!" ಎಂದೆ. ಅವನು ಒಂದು ಸಲ ಹಾಕಿಸಿಕೊಂಡರೆ ನಾನೂ ಒಂದು ಸಲ, ಅವನು ಇನ್ನೊಂದು ಸಲವೆಂದರೆ ನಾನೂ ಇನ್ನೊಂದು ಸಲ. ಸರೋಜ ಬಡಿಸುತ್ತಲೇ ಹೋದಳು. ನನ್ನ ಸರದಿ ಬಂದಾಗ ಮಾತ್ರ ಆ ಕಳೆ ಇಳಿದು ಕಳವಳ ಕಾಣುತ್ತಿತ್ತು. "ಭಾರಿ ಉಂಡ್ರಿ ಬಿಡ್ರಿ ಸರ!" ಎಂದು ಈರಣ್ಣ ಮನಸಾರೆ ಮೆಚ್ಚಿದ್ದು ಉರಿಯುವ ಒಲೆಗೆ ತುಪ್ಪವಾಯಿತು.

ಸಂಜೆಯ ಹೊತ್ತಿಗೆ ನನ್ನ ಎದೆಯಲ್ಲಿ ಅಗ್ಗಿಷ್ಟಿಕೆ. ಈರಣ್ಣನೇ ಓಡಿಹೋಗಿ ಆಟೋ ತಂದ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಚೀಟಿ ಬರೆಯುತ್ತಾ, "ಹೊಟ್ಟೆ ಉರೀನಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸರೋಜ, "ಹೌದು ಡಾಕ್ಟ್ರೇ, ಮೇಲಿನ ಮನೆಗೆ ಆ ಹುಡುಗ ಬಂದಾಗಿಂದ," ಎಂದಳು. ಮಾತ್ರೆ ಬರೆಯುತ್ತಿದ್ದ ಡಾಕ್ಟರ ಪೆನ್ನು ನಿಂತಿತು. ನಾನು ಗೋಡೆಯ ಮೇಲಿನ ಶ್ವಾಸಕೋಶದ ಪಟವನ್ನು ಅತ್ಯಂತ ಆಸಕ್ತಿಯಿಂದ ನೋಡತೊಡಗಿದೆ.

ಹಿಂದಿರುಗುವಾಗ ಆಟೋದಲ್ಲಿ ಅವಳು, ಮನೆ ಹತ್ತಿರವಾದಾಗ, ಹೊರಗೆ ನೋಡುತ್ತಲೇ ಹೇಳಿದಳು: "ನಾನೇನು ಅವನು ಹೊಗಳ್ತಾನೆ ಅಂತ ಮಾಡ್ತೀನಾ? ಮಾಡದೇ ಇದ್ರೆ ಕೈ ಮರೆತುಹೋಗುತ್ತೆ ಕಣ್ರೀ. ನಿಮಗೆ ವಾಸಿಯಾಗಿ, ಹುಳಿ ಮಾಡು ಅಂತ ನೀವು ಕೇಳೋ ಹೊತ್ತಿಗೆ ನನಗೆ ಹದವೇ ತಪ್ಪಿಹೋಗಿದ್ರೆ?"

ಹೊಟ್ಟೆಯಲ್ಲಿ ಬೆಂಕಿ ಇದ್ದದ್ದು ನಿಜ. ಆದರೆ ಆಗ ಚುರ್ ಎಂದದ್ದು ಕರುಳು. ಏನಾದರೂ ಹೇಳಬೇಕೆನಿಸಿತು. "ಹುಳಿ ತುಂಬಾ ಚೆನ್ನಾಗಿತ್ತು ಕಣೇ," ಎಂದೆ. "ಈಗ ಹೇಳಿ," ಎಂದು ಅವಳು ಸೆರಗಿನಿಂದ ಮೂಗೊರೆಸಿಕೊಂಡಳು.

ಮುಂದಿನ ಭಾನುವಾರ ಹುಳಿಯ ಡಬರಿ ಎಂದಿನಂತೆ ಮೇಲಕ್ಕೆ ಹೋಯಿತು, ನಾನು ಮೊಸರನ್ನ ಉಂಡು ಪೇಪರು ಹಿಡಿದು ಕುಳಿತಿದ್ದೆ. ಸರೋಜ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬೀದಿ ನಿಶ್ಶಬ್ದವಾಯಿತು, ತೇಗು ದಯಮಾಡಿಸಿತು. ಒಳಗೆ ಪಾತ್ರೆಗಳ ಸದ್ದು ಒಂದು ಕ್ಷಣ ನಿಂತಿತು. ಹಿಂದಿನ ಭಾನುವಾರಗಳಲ್ಲೂ ಅದು ಹಾಗೆಯೇ ನಿಲ್ಲುತ್ತಿತ್ತೇನೋ. ಪೇಪರು ಮಡಿಸುವ ಗದ್ದಲದಲ್ಲಿ ನನಗೆ ಕೇಳಿಸಿರಲಿಲ್ಲ.

"ಕೇಳಿಸ್ತೇನೇ?" ಎಂದು ಕೂಗಿದೆ. "ಹುಳಿ ಬಹಳ ಚೆನ್ನಾಗಿದೆಯಂತೆ."

ಒಳಗಿನಿಂದ ನಗು ಕೇಳಿತು. ಆ ನಗು ನನಗೆ ಬೇಕಾದದ್ದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚಾಯಿತೆನಿಸಿ, "ಉಪ್ಪು ಮಾತ್ರ ಸ್ವಲ್ಪ ಕಡಿಮೆಯಂತೆ," ಎಂದು ಸೇರಿಸಿದೆ.