ವಾಪಸು ಹೋದ ಶಂಕುಸ್ಥಾಪನೆಯ ಕಲ್ಲು

ಆ ಕಲ್ಲನ್ನು ಎತ್ತಲು ನಾನೂ ಕೈ ಹಾಕಿದ್ದೆನೋ ಇಲ್ಲವೋ, ಇವತ್ತಿಗೂ ಖಾತ್ರಿಯಿಲ್ಲ. ಕಣ್ಣಾರೆ ಕಂಡವನ ಮಾತನ್ನೂ ಸುಲಭಕ್ಕೆ ನಂಬಬಾರದೆಂದು ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ಕಲಿತವನು ನಾನು. ಇನ್ನು ನನ್ನ ಮಾತನ್ನೇ ಹೇಗೆ ನಂಬಲಿ? ಆದರೆ ಕಲ್ಲು ಜೀಪು ಹತ್ತಿದ್ದು ನಿಜ. ನಮ್ಮ ಮಂಜಗುಣಿಯ ಅರ್ಧ ಊರು ಅದನ್ನು ನೋಡಿದೆ.

ಕಲ್ಲಿನ ಮೇಲಿದ್ದದ್ದು ನಮ್ಮ ಮಾಸ್ತರರ ಹೆಸರು. ಅವರು ಮೊದಲು ಬ್ಯಾಂಕಿನಲ್ಲಿದ್ದರು. ಅದನ್ನು ಬಿಟ್ಟು ಕಾರವಾರದ ಕಾಲೇಜಿನಲ್ಲಿ ನಮಗೆ ವಾಣಿಜ್ಯ ಕಲಿಸಿದರು. ಎರಡು ಸಾವಿರದ ಇಸವಿಯ ಆಚೀಚೆ ಶಾಸಕರಾದರು. ಬಜೆಟ್ ಪಾಠಕ್ಕೆ ಅವರು ಪುಸ್ತಕ ತೆರೆಯುತ್ತಿರಲಿಲ್ಲ. ದೋಣಿಗೊಂದು ಪಾಲು, ಬಲೆಗೊಂದು ಪಾಲು, ಎಳೆದವರಿಗೊಂದು ಪಾಲು ಎಂದು ನಮ್ಮ ಮನೆಗಳ ಮೀನಿನ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದು, "ಇನ್ನೂ ದಡಕ್ಕೆ ಬಾರದ ಮೀನಿಗೆ ಪಾಲು ಹಾಕಿದರೆ ಅದೇ ಬಜೆಟ್" ಎನ್ನುತ್ತಿದ್ದರು.

ನನ್ನ ಸೋದರತ್ತೆ ದಿನಾ ಗಂಗಾವಳಿ ಹೊಳೆಯನ್ನು ದೋಣಿಯಲ್ಲಿ ದಾಟಿ ಮೀನು ಮಾರುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ದೋಣಿ ಹತ್ತಲು ಕಲ್ಲಿನ ಮೆಟ್ಟಿಲು. ಸಮುದ್ರದ ಇಳಿತಕ್ಕೆ ಹೊಳೆಯ ನೀರು ಇಳಿದಾಗ ಅಲ್ಲಿ ಮೊಣಕಾಲುದ್ದ ಕೆಸರು. ಒಮ್ಮೆ ಬುಟ್ಟಿಯ ಸಮೇತ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಇನ್ನೊಮ್ಮೆ ಬಿದ್ದರೆ ವ್ಯಾಪಾರ ಅಲ್ಲಿಗೆ ಮುಗಿಯಿತು ಎಂಬ ಭಯ ಅವಳಿಗೆ. ಮೊದಲ ಚುನಾವಣೆಯಲ್ಲಿ ಮಾಸ್ತರರು ಮೆಟ್ಟಿಲು ಮಾಡಿಸುತ್ತೇನೆ ಎಂದಿದ್ದರು.

ಎರಡನೆಯ ಚುನಾವಣೆ ಹತ್ತಿರವಾದಾಗ ಕಲ್ಲು ಬಂತು. ಕಾರ್ಯಕರ್ತರು ಮಾವಿನ ತೋರಣ ಕಟ್ಟಿ, ತೆಂಗಿನಕಾಯಿ ತಂದಿಟ್ಟರು. ಮಾಸ್ತರರು ಜೀಪಿನಿಂದಿಳಿದವರೇ ಎಂಜಿನಿಯರರ ಕೈಯಿಂದ ಕಾಗದ ಇಸಿದುಕೊಂಡು ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ ಮೈಕು ಹಿಡಿದರು.

"ಮೆಟ್ಟಿಲಿಗೆ ಹಣ ಮಂಜೂರಾಗಿದೆ ಅಂತ ಹೋದ ವಾರ ಅಂಕೋಲೆಯಲ್ಲಿ ಹೇಳಿದ್ದೆ. ಅದು ತಪ್ಪು. ಇದು ನಾವು ಕಳಿಸಿದ ಅಂದಾಜುಪಟ್ಟಿ ಅಷ್ಟೇ. ಕಾಗದ ಓದದೆ ಮಾತಾಡಿದೆ."

ಅಧಿಕಾರದಲ್ಲಿದ್ದವರೊಬ್ಬರು ಮೈಕಿನಲ್ಲಿ ಹೀಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ನಂತರವೂ ಕೇಳಿಲ್ಲ.

ಕಾರ್ಯಕರ್ತನೊಬ್ಬ ಅವರ ಕಿವಿಯ ಹತ್ತಿರ ಬಗ್ಗಿ, "ಸರ್, ಕಾಯಿ ಒಂದು ಒಡೆದುಬಿಡ್ರಿ. ಯಾರು ಕೇಳ್ತಾರೆ?" ಎಂದ. ಮೈಕು ಆರಿಸಿರಲಿಲ್ಲ. ಎಲ್ಲರಿಗೂ ಕೇಳಿತು.

"ನಾ ಕೇಳ್ತೆ," ಎಂದು ಅತ್ತೆ ಎದ್ದಳು. "ಮಾಸ್ತರ್ರೆ, ಕಲ್ಲು ಇಟ್ರೆ ಮೆಟ್ಲು ಬೇಗ ಬತ್ತದ್ಯಾ?"

"ಇಲ್ಲ ತಂಗಿ."

"ಹಾಗಾದ್ರೆ ತಕಂಡ್ ಹೋಗ್ರಿ. ಕೆಸರಲ್ಲಿ ಎಡವೂಕೆ ಇದೊಂದು ಬೇರೆ ಬೇಡ."

ಜನ ನಕ್ಕರು. ಮಾಸ್ತರರೂ ನಕ್ಕು, ತಮ್ಮ ಹೆಸರಿನ ಕಲ್ಲಿಗೆ ತಾವೇ ಮೊದಲು ಕೈ ಹಾಕಿದರು.

ಆ ಚುನಾವಣೆಯಲ್ಲಿ ಅವರು ಸೋತರು. ಸೋತದ್ದು ಇದಕ್ಕೇ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಸೋತ ಮೇಲೂ ಅವರು ಕಾರವಾರದ ಕೋಡಿಬಾಗದಲ್ಲಿದ್ದ ತಮ್ಮ ಮನೆಯಿಂದ ಮೆಟ್ಟಿಲಿಗಾಗಿ ಬೆಂಗಳೂರಿಗೆ ಪತ್ರ ಬರೆಯುತ್ತಲೇ ಇದ್ದರು. ಪ್ರತಿಯೊಂದರ ನಕಲು ಅಂಚೆಯಲ್ಲಿ ಅತ್ತೆಗೆ ಬರುತ್ತಿತ್ತು. ಓದಲು ಬಾರದ ಅವಳು ನನ್ನಿಂದ ಓದಿಸುತ್ತಿದ್ದಳು. ಈ ವಿಷಯದಲ್ಲಿ ನಾನು ನೆನಪನ್ನು ನಂಬಬೇಕಾಗಿಲ್ಲ, ಪತ್ರಗಳು ನನ್ನ ಬಳಿಯೇ ಇವೆ.

ಕೊನೆಗೆ ಮೆಟ್ಟಿಲಾಯಿತು. ಉದ್ಘಾಟನೆಗೆ ಮಾಸ್ತರರನ್ನು ಯಾರೂ ಕರೆಯಲಿಲ್ಲ. ಮರುದಿನ ಬೆಳಿಗ್ಗೆ ನೀರು ಇಳಿದಿತ್ತು. ಅತ್ತೆ ಬುಟ್ಟಿ ಹೊತ್ತು ಮೆಟ್ಟಿಲಿಳಿದು ಬಂದಳು. ನಾನು ಕೆಳಗೆ ನಿಂತು ಕೈ ಚಾಚಿದೆ.

"ಕೈ ತೆಗಿಯೋ," ಎಂದಳು. "ದಾರಿ ಬಿಡು."